ಎಪ್ಪತ್ತು ದಿನದ ನಿಲುವಂಗಿ

ಹೊಸ ಬಟ್ಟೆಯನ್ನು ಹಳೆಯದು ಮಾಡುವುದು ಅವಳ ಕೆಲಸ. ಸಿನಿಮಾದಲ್ಲಿ ಭಿಕ್ಷುಕನೇ ಬರಲಿ, ಅವನ ಅಂಗಿ ಮೊನ್ನೆ ತಾನೇ ಅಂಗಡಿಯಿಂದ ಬಂದಿರುತ್ತದೆ. ಅದನ್ನು ಹತ್ತು ವರ್ಷ ತೊಟ್ಟ ಹಾಗೆ ಮಾಡಿಕೊಡಬೇಕು. ಅದಕ್ಕೆಂದೇ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡಿದ್ದಾಳೆ. ಮರಳು ಕಾಗದ, ಹಿಮ್ಮಡಿ ಉಜ್ಜುವ ಕಲ್ಲು, ಮೇಣದ ತುಂಡು, ತಂತಿಯ ಬ್ರಷ್ಷು, ಜರಡಿ ಹಿಡಿದ ಬೂದಿ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಯೂನಿಟ್ಟಿನವರು ಅವಳನ್ನು ಮಾಸಲಕ್ಕ ಅನ್ನುತ್ತಾರೆ. ಮೊದಮೊದಲು ಗೇಲಿಗೆ ಅಂದದ್ದು, ಈಗ ಹಾಜರಿ ಪುಸ್ತಕದಲ್ಲೂ ಅದೇ ಹೆಸರು.

ಮನೆಯಲ್ಲಿ ಈ ಕಸುಬಿಗೆ ಕವಡೆ ಕಿಮ್ಮತ್ತಿಲ್ಲ. "ಎಲ್ಲರ ಮನೆ ಹೆಂಗಸರೂ ಕೊಳೆ ತೆಗೀತಾರೆ, ನಮ್ಮನೆಯವಳು ಹೋಗಿ ಕೊಳೆ ಹಚ್ಚಿ ಬರ್ತಾಳೆ" ಅನ್ನುವುದು ಗಂಡನ ಹಳೇ ಜೋಕು. ಬಂದವರಿಗೆಲ್ಲ ಹೇಳಿ, ತಾನೇ ಮೊದಲು ನಗುತ್ತಾನೆ. ಅವನು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅವನ ನಿವೃತ್ತಿಯಿಂದ ಅವಳಿಗೆ ದಿನಕ್ಕೆ ಎರಡು ಸಲ ಚಹಾ, ಒಂದು ಮಧ್ಯಾಹ್ನದ ಊಟ, ಮೂರು ಎಂಜಲು ತಟ್ಟೆ ಹೆಚ್ಚಾದವು. ಒಳಕೋಣೆಯಲ್ಲಿ ಮಂಡಿ ಸೋತು ಮಲಗಿದ ಅತ್ತೆ. ಅವರು ಹೆತ್ತದ್ದು ಇವನನ್ನು, ಕೂಗುವುದು ಇವಳನ್ನು.

ಸಿನಿಮಾದ ಕೆಲಸಗಾರರ ಸಂಘದಲ್ಲಿ ಒಂದು ಕಟ್ಟಳೆ ಇದೆ. ಚಿತ್ರ ಮುಗಿದ ಮೇಲೆ ತೆರೆಯ ಮೇಲೆ ಹೆಸರುಗಳು ಹರಿಯುತ್ತವಲ್ಲ, ಅದರಲ್ಲಿ ಯಾರಿಗೆ ತನ್ನದೇ ಒಂದು ಸಾಲು ಇದೆಯೋ ಅವರಿಗೆ ಮಾತ್ರ ಸ್ವಂತ ಕಾರ್ಡು. ಕಾರ್ಡಿದ್ದವರು ತಾವೇ ಕೆಲಸ ಒಪ್ಪಿಕೊಳ್ಳಬಹುದು, ಕೈಕೆಳಗೆ ಜನ ಇಟ್ಟುಕೊಳ್ಳಬಹುದು. ಇಲ್ಲದವರು ಕೊನೆಯ ತನಕ ಯಾರೋ ಒಬ್ಬ ಡಿಸೈನರನ ಸಹಾಯಕಿ. ಅವನು ಕರೆದರೆ ಉಂಟು, ಬಿಟ್ಟರೆ ಇಲ್ಲ. ಮೂವತ್ತೊಂದು ಸಿನಿಮಾ ಮಾಡಿದ ಮಾಸಲಕ್ಕನಿಗೆ ಒಂದು ಸಾಲೂ ಸಿಕ್ಕಿರಲಿಲ್ಲ. 'ಮತ್ತು ಇತರರು' ಎಂಬಲ್ಲಿ ಮೂವತ್ತೊಂದು ಸಲ ಕಳೆದುಹೋಗಿದ್ದಳು. ಐವತ್ತೈದು ತುಂಬಿದರೆ ಹೊಸ ಕಾರ್ಡು ಕೊಡುವುದಿಲ್ಲ. ಅವಳಿಗೆ ಐವತ್ತನಾಲ್ಕು.

ಆ ವರ್ಷ ಬಂದದ್ದು ಫ್ರೆಂಚ್ ಕಾದಂಬರಿಯೊಂದರ ಸಿನಿಮಾ. ನೂರೈವತ್ತು ವರ್ಷ ಹಳೆಯ ದಪ್ಪ ಪುಸ್ತಕ. ಗಿರಣಿ ಮಾಲೀಕನ ಮನೆಯಲ್ಲಿ ನಲವತ್ತು ವರ್ಷ ದುಡಿಯುವ ಅಡುಗೆ ಹೆಂಗಸಿನ ಕಥೆ. ಮನೆಯವರು ಮದುವೆಯಾಗುತ್ತಾರೆ, ಮೋಸ ಮಾಡುತ್ತಾರೆ, ದಿವಾಳಿಯಾಗುತ್ತಾರೆ; ಅವಳು ಪಾತ್ರೆ ತೊಳೆಯುತ್ತಿರುತ್ತಾಳೆ. ಕೊನೆಗೆ ಮನೆ ಹರಾಜಾಗಿ, ಖಾಲಿ ಅಂಗಳದಲ್ಲಿ ಅವಳೊಬ್ಬಳು ನಿಲ್ಲುತ್ತಾಳೆ. ಕೆಲಸ ಸಿಕ್ಕಿದ ವಾರವೇ ಮಗಳು ಗ್ರಂಥಾಲಯದಿಂದ ಅನುವಾದ ತಂದು, ಅಮ್ಮ ಪಾತ್ರೆ ಬೆಳಗುವಾಗ ಪಕ್ಕದಲ್ಲಿ ಕೂತು ಓದಿದ್ದಳು.

"ಅಮ್ಮಾ, ಆರುನೂರು ಪುಟಕ್ಕೆ ಇವಳಿಗೆ ಇರೋದು ಒಂದೇ ನಿಲುವಂಗಿ. ಕಡುನೀಲಿ ಅಂತ ಬಿಟ್ಟು ಇನ್ನೇನೂ ಬರೆದಿಲ್ಲ."

"ಬರೆದವನು ಗಂಡಸಲ್ವಾ? ಎಲ್ಲಿ ಸವೀತು ಅಂತ ಅವನಿಗೆ ಹೇಗೆ ಗೊತ್ತಿರುತ್ತೆ."

ನಿರ್ದೇಶಕಿ ಹೆಂಗಸು. ಹೆಂಗಸರ ದುಡಿಮೆಯ ಬಗ್ಗೆ ಸಭೆಗಳಲ್ಲಿ ಮಾತಾಡಿ ಹೆಸರಾದವಳು. ಎಲ್ಲರಿಗೂ ಮೇಡಂ. ಡಿಸೈನರು ವಿದೇಶದಲ್ಲಿ ಓದಿ ಬಂದ ಹುಡುಗ. ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆಯುತ್ತಿದ್ದ, ಮಾತು ಮಾತ್ರ ರೇಷ್ಮೆ. ಮಾಸಲಕ್ಕ ಮಾದರಿಗೆಂದು ಮಾಡಿಕೊಟ್ಟ ನಿಲುವಂಗಿಯ ಒಂದು ತೋಳನ್ನು ಅವನು ಮೇಡಂ ಮುಂದೆ ಹಿಡಿದಾಗ, ಮೇಡಂ ಅದನ್ನು ಬೆಳಕಿಗೆ ಒಡ್ಡಿ ನೋಡಿದಳು.

"ಯಾರು ಮಾಡಿದ್ದು ಇದನ್ನ?"

"ನಾನೇ ಮೇಡಂ," ಅಂದಳು ಮಾಸಲಕ್ಕ ಹಿಂದಿನಿಂದ. "ಆದ್ರೆ ಇದು ಸರಿಯಿಲ್ಲ. ಕಲ್ಲಲ್ಲಿ ಉಜ್ಜಿದ್ರೆ ಭಿಕ್ಷುಕ ಆಗ್ತಾನೆ, ಅಡುಗೆಯವಳು ಆಗಲ್ಲ."

"ಅಂದ್ರೆ?"

"ನೋಡಿ, ನಲವತ್ತು ವರ್ಷ ತೊಳೆಯೋ ಕಲ್ಲಿಗೆ ಒರಗಿ ನಿಂತವಳಿಗೆ ಹೊಟ್ಟೆ ಹತ್ರ ಅಡ್ಡಕ್ಕೆ ಸವೆಯುತ್ತೆ. ಒದ್ದೆ ಕೈ ಒರೆಸ್ಕೊಳ್ಳೋದು ಬಲತೊಡೆಗೆ, ಅಲ್ಲಿ ಬಣ್ಣ ಹೋಗುತ್ತೆ. ಬಕೆಟ್ಟು ಎತ್ತೋದು ಎಡ ಸೊಂಟದ ಮೇಲೆ. ಹಿಂದೆ ಏನೂ ಆಗಲ್ಲ, ಅವಳು ಕೂತೇ ಇಲ್ವಲ್ಲ. ಇದನ್ನೆಲ್ಲ ಹಚ್ಚೋಕೆ ಬರಲ್ಲ. ಹಾಕ್ಕೊಂಡು ಕೆಲಸ ಮಾಡ್ಬೇಕು."

ಮೇಡಂ ಕಣ್ಣು ತೇವವಾದವು. ನಟಿಯ ಅಳತೆಯೂ ಮಾಸಲಕ್ಕನ ಅಳತೆಯೂ ಹೆಚ್ಚುಕಮ್ಮಿ ಒಂದೇ. ಅಲ್ಲೇ ತೀರ್ಮಾನವಾಯಿತು: ನಿಲುವಂಗಿಯನ್ನು ಮಾಸಲಕ್ಕ ಮನೆಗೆ ಒಯ್ದು, ತೊಟ್ಟು, ಮನೆಗೆಲಸ ಮಾಡಿ ಸವೆಸಿ ತರಬೇಕು.

"ಅಕ್ಕಾ, ತೆರೆ ಮೇಲೆ ನಿಮಗೊಂದು ಸಾಲು ಇರುತ್ತೆ. ಬಟ್ಟೆ ಮಾಸಿಸಿದವರು ಅಂತ. ನಿಮ್ಮೊಬ್ಬರದೇ," ಅಂದಳು ಮೇಡಂ, ಎರಡೂ ಕೈ ಹಿಡಿದುಕೊಂಡು.

ಆ ಎಪ್ಪತ್ತು ದಿನ ಅವಳು ಮನೆಯಲ್ಲಿ ಬೇರೆ ಬಟ್ಟೆ ತೊಡಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿಯುವುದು, ಒಲೆ ಒರೆಸುವುದು, ಅತ್ತೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಮಲಗಿದ ಹಾಸಿಗೆಯ ಬಟ್ಟೆ ಬದಲಿಸುವುದು, ಬದಲಿಸಿದ್ದನ್ನು ನೆನೆಸಿ ಕುಕ್ಕಿ ಒಗೆಯುವುದು, ನೆಲ ಸಾರಿಸುವುದು, ಮಂಡಿಯೂರಿ ಮಂಚದಡಿ ಗುಡಿಸುವುದು. ಅತ್ತೆಯನ್ನು ಎತ್ತುವಾಗ ಅವರು ಇವಳ ಕತ್ತುಪಟ್ಟಿಯನ್ನು ಹಿಡಿದು ಜಗ್ಗುತ್ತಿದ್ದರು. ಹದಿನೆಂಟನೆಯ ದಿನಕ್ಕೆ ಕತ್ತಿನ ಹೊಲಿಗೆ ಬಿಟ್ಟುಕೊಂಡಿತು. ಅದನ್ನು ಹಾಗೆಯೇ ಒರಟಾಗಿ ಹೊಲಿದಳು, ಅಡುಗೆಯವಳಾಗಿದ್ದರೆ ಹೊಲಿದುಕೊಳ್ಳುತ್ತಿದ್ದ ಹಾಗೆ.

"ಏನೇ, ಫ್ರಾನ್ಸಿನ ಕೆಲಸದವಳು ಚಹಾ ಕೊಡ್ತಾಳೋ ಇಲ್ವೋ?" ಗಂಡ ಪೇಪರಿನ ಹಿಂದಿನಿಂದ.

"ಕೆಲಸದವಳು ಮೂವತ್ತು ವರ್ಷದಿಂದ ಇಲ್ಲೇ ಇದ್ದಾಳೆ. ಅಂಗಿ ಮಾತ್ರ ಈಗ ಬಂದದ್ದು."

ಅವನು ಪೇಪರಿನ ಹಾಳೆ ಮಗುಚಿದ.

ಎಪ್ಪತ್ತೊಂದನೆಯ ದಿನ ಆ ನಿಲುವಂಗಿ ತೊಟ್ಟ ನಟಿ ಕನ್ನಡಿಯ ಮುಂದೆ ನಿಂತವಳು ತನಗರಿವಿಲ್ಲದೆ ಬಲಗೈಯನ್ನು ತೊಡೆಗೆ ಒರೆಸಿಕೊಂಡಳು. ಊರಾಚೆಯ ಹಳೇ ಗೋದಾಮಿನಲ್ಲಿ ಹಾಕಿದ್ದ ಫ್ರೆಂಚ್ ಅಡುಗೆಮನೆಯ ಸೆಟ್ಟಿನಲ್ಲಿ ಐದು ವಾರ ಚಿತ್ರೀಕರಣ ನಡೆಯಿತು. ಬಂದವರೆಲ್ಲ ಅಂಗಿಯನ್ನೇ ನೋಡಿದರು. ವಾರಪತ್ರಿಕೆಯೊಂದು ಡಿಸೈನರನ ಸಂದರ್ಶನ ಹಾಕಿತು. 'ಎಪ್ಪತ್ತು ದಿನ ನಾನು ಆ ಬಟ್ಟೆಯ ಜೊತೆ ಬದುಕಿದೆ' ಅಂದಿದ್ದ ಅವನು. ಮಗಳು ಓದಿ ಹಲ್ಲು ಕಡಿದಳು. ಮಾಸಲಕ್ಕ, "ಅಂದ್ಕೊಳ್ಲಿ ಬಿಡೆ, ತೆರೆ ಮೇಲೆ ಸಾಲು ಬರುತ್ತಲ್ಲ" ಅಂದಳು. ಹಾಗೆ ಅಂದದ್ದಕ್ಕೆ ಆಮೇಲೆ ತನ್ನ ಮೇಲೆ ತನಗೇ ಬಂದ ಸಿಟ್ಟು ಸಣ್ಣದಲ್ಲ.

ಅಂಗಳದಲ್ಲಿ ನಿಲ್ಲುವ ಕೊನೆಯ ದೃಶ್ಯವೊಂದು ಬಾಕಿ ಇತ್ತು. ರಜೆಯ ದಿನ ನಿಲುವಂಗಿಯನ್ನು ಮನೆಗೆ ತಂದು ಗಾಳಿಗೆ ಹಾಕಿದ್ದಳು. ಆ ಸಂಜೆ ಗಂಡನ ಹಳೆಯ ಸಹೋದ್ಯೋಗಿ ಬಂದ. ಕೊಳೆ ಹಚ್ಚುವ ಜೋಕು ಮತ್ತೆ ಬಂತು. ಅವನು ಹೋದ ಮೇಲೆ ಮಾಸಲಕ್ಕ ತಟ್ಟೆ ಎತ್ತುತ್ತ ಅಂದಳು:

"ಏನ್ರೀ, ಕೊಳೆ ಅಂದ್ರೆ ನಿಮಗೇನು ಗೊತ್ತು? ಮೂವತ್ತು ವರ್ಷದಲ್ಲಿ ಒಂದು ಕರ್ಚೀಫು ನೀರಿಗೆ ಹಾಕಿದ್ದೀರಾ?"

"ಅದೇನು ಮಹಾ ವಿದ್ಯೇನಾ? ಬಕೆಟ್ಟು, ನೀರು, ಸೋಪು."

"ಮಾಡಿ ನೋಡಿ ಹಾಗಾದ್ರೆ."

ಮರುದಿನ ಬೆಳಿಗ್ಗೆ ಅವಳು ಅತ್ತೆಯ ಮಾತ್ರೆ ತರಲು ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತಿದ್ದಾಗ ಗಂಡ ಬಟ್ಟೆ ಒಗೆದ. ಮೂವತ್ತು ವರ್ಷದಲ್ಲಿ ಮೊದಲ ಸಲ. ಕೈಗೆ ಸಿಕ್ಕಿದ ಬಟ್ಟೆಗಳಲ್ಲಿ ಎಲ್ಲಕ್ಕಿಂತ ಕೊಳಕಾಗಿ ಕಂಡದ್ದು ಆ ನಿಲುವಂಗಿ. ಸೋಪಿಗೆ ಬಗ್ಗಲಿಲ್ಲವೆಂದು ಬಚ್ಚಲು ತೊಳೆಯುವ ಬ್ಲೀಚಿಂಗ್ ಪುಡಿಯನ್ನು ಎರಡು ಹಿಡಿ ಸುರಿದ. ಅವಳು ಬಂದಾಗ ಬಾಗಿಲಲ್ಲೇ ನಿಂತಿದ್ದ, ಪ್ಯಾಂಟು ಮಂಡಿಗೆ ಮಡಚಿ, ಪರೀಕ್ಷೆಯಲ್ಲಿ ಮೊದಲು ಬಂದವನ ಮುಖ ಹೊತ್ತು.

"ಮೊದಲ ಸಲಕ್ಕೆ ಹೋಗ್ಲಿಲ್ಲ ಕಣೇ. ಬಿಡಲಿಲ್ಲ ನಾನು. ಎರಡನೇ ಸಲ ನೆನೆಸಿದೆ. ನೋಡು ಹೆಂಗೆ ಬೆಳ್ಳಗಾಗಿದೆ!"

ತಂತಿಯ ಮೇಲೆ ಎಪ್ಪತ್ತು ದಿನ ತೊಟ್ಟಿಕ್ಕುತ್ತಿದ್ದವು. ಕಡುನೀಲಿ ಹೋಗಿ ಬಿಳಿ, ಹಳದಿ, ಬೂದಿ ಬಣ್ಣದ ಮಚ್ಚೆಗಳು. ಹೊಟ್ಟೆಯ ಅಡ್ಡಗೆರೆ ಇಲ್ಲ, ತೊಡೆಯ ಗುರುತಿಲ್ಲ. ಮಾಸಲಕ್ಕ ಕೂಗಾಡಲಿಲ್ಲ. ಕೂಗಿದರೆ ಅತ್ತೆ ಹೆದರುತ್ತಾರೆ, ಅತ್ತೆ ಹೆದರಿದರೆ ಹಾಸಿಗೆ ಒದ್ದೆಯಾಗುತ್ತದೆ, ಅದನ್ನೂ ಇವಳೇ ಒಗೆಯಬೇಕು. ಇಷ್ಟು ಲೆಕ್ಕ ಹಾಕಿದ ಮೇಲೆ ಉಳಿಯುವಷ್ಟೇ ಸಿಟ್ಟು ಆ ಮನೆಯಲ್ಲಿ ಅವಳ ಪಾಲಿಗೆ ಬಂದದ್ದು.

"ಹೊಗಳೋದು ಬೇಡ, ಒಂದು ಮಾತಾದರೂ ಆಡು," ಅಂದ ಗಂಡ.

ಅವಳು ನಿಲುವಂಗಿಯನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡು ಗೋದಾಮಿಗೆ ನಡೆದಳು.

ಅಂಗಿ ನೋಡಿ ಡಿಸೈನರನ ಮುಖ ಬಿಳಿಚಿಕೊಂಡಿತು. ಮೇಡಂ ಮಾತ್ರ ಅದನ್ನು ನಟಿಗೆ ತೊಡಿಸಿ, ಅಂಗಳದ ಬಿಸಿಲಲ್ಲಿ ನಿಲ್ಲಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅದ್ಭುತ! ನಲವತ್ತು ವರ್ಷ ಒಂದೇ ಸಲ ಕರಗಿ ಹೋದ ಹಾಗಿದೆ. ಇದು ಹೊಳೆದದ್ದು ಯಾರಿಗೆ?"

ಡಿಸೈನರು ಬಾಯಿ ತೆರೆಯುವಷ್ಟರಲ್ಲಿ ಮಾಸಲಕ್ಕ ಅಂದಳು, "ಯಾರಿಗೂ ಹೊಳೆದದ್ದಲ್ಲ ಮೇಡಂ. ನನ್ನ ಗಂಡ ಒಗೆದು ಹಾಳು ಮಾಡಿದ್ದು."

ಯೂನಿಟ್ಟೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಡಂ ಕೂಡ ಕಣ್ಣೀರು ಬರುವಷ್ಟು ನಕ್ಕು, "ಎಂಥ ಚೆಂದದ ಕಥೆ ಅಕ್ಕಾ ಇದು! ಅವರ ಹೆಸರೇನು?" ಅಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು.

ಎರಡು ತಿಂಗಳ ಮೇಲೆ ಸಣ್ಣ ಥಿಯೇಟರಿನಲ್ಲಿ ಯೂನಿಟ್ಟಿನವರಿಗೆ, ಮನೆಯವರಿಗೆ ಚಿತ್ರ ತೋರಿಸಿದರು. ಮಗಳು ಅಜ್ಜಿಯ ಬಳಿ ಉಳಿದಳು; ಮಾಸಲಕ್ಕ ಗಂಡನ ಜೊತೆ ಬಂದಳು. ಚಿತ್ರ ಚೆನ್ನಾಗಿತ್ತು. ಅದೂ ಒಂದು ಸಂಕಟ. ಕೆಟ್ಟದಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಕೊನೆಗೆ ಹೆಸರುಗಳು ಹರಿಯತೊಡಗಿದಾಗ ಅವಳು ಸೀಟಿನ ತುದಿಗೆ ಬಂದಳು. ವಸ್ತ್ರ ವಿನ್ಯಾಸ: ಡಿಸೈನರನ ಹೆಸರು, ದೊಡ್ಡದಾಗಿ. ಸಹಾಯ: ಅವನ ಇಬ್ಬರು ಶಿಷ್ಯರು. ಮತ್ತು ಇತರರು. ಊಟ ತಂದವರು, ವ್ಯಾನು ಓಡಿಸಿದವರು, ಎಲ್ಲರಿಗೂ ಸಾಲು. ಆಮೇಲೆ ವಿಶೇಷ ಕೃತಜ್ಞತೆ. ಗೋದಾಮಿನ ಮಾಲೀಕರ ಹೆಸರು, ಅದರ ಕೆಳಗೆ ಅವಳ ಗಂಡನ ಹೆಸರು.

"ಅಯ್ಯೋ ನೋಡೇ, ನಾನು!" ಅವನು ಚಪ್ಪಾಳೆ ತಟ್ಟಿದ. ಸುತ್ತಲಿನವರೂ ನಗುತ್ತ ತಟ್ಟಿದರು.

ಎಲ್ಲ ಮುಗಿದ ಮೇಲೆ ಕಪ್ಪು ತೆರೆಯ ನಡುವೆ ಒಂದೇ ವಾಕ್ಯ ಮೂಡಿತು: 'ಎಲೆಮರೆಯ ಕಾಯಿಯಂತೆ ದುಡಿದ ಎಲ್ಲ ಹೆಣ್ಣುಮಕ್ಕಳಿಗೆ ಅರ್ಪಣೆ.'

ದೀಪ ಹತ್ತಿತು. ಡಿಸೈನರು ಹಿಂದಿನಿಂದ ಬಾಗಿ ಭುಜ ಮುಟ್ಟಿ, "ಅಕ್ಕಾ, ಕೊನೇದು ನೀವೇ," ಅಂದ.

ಮಾಸಲಕ್ಕ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, ಸೀದಾ ಮೇಡಂ ಮುಂದೆ ಹೋಗಿ ನಿಂತಳು.

"ನನ್ನ ಸಾಲು ಎಲ್ಲಿ ಮೇಡಂ?"

"ಅಕ್ಕಾ, ಆ ಅರ್ಪಣೆ ಇಡೀ ನಿಮಗೇ. ಒಬ್ಬರ ಹೆಸರು ಹಾಕಿದ್ರೆ ಅದು ಚಿಕ್ಕದಾಗಿಬಿಡುತ್ತೆ. ಹೆಸರಿಲ್ಲದಿರೋದ್ರಲ್ಲೇ ಅದರ ಶಕ್ತಿ. ಅರ್ಥ ಮಾಡ್ಕೊಳ್ಳಿ."

"ನನ್ನ ಗಂಡನ ಹೆಸರು ಹಾಕಿದಾಗ ಚಿಕ್ಕದಾಗ್ಲಿಲ್ವಾ?"

"ಅದು ತಮಾಷೆಗೆ..."

"ಎರಡು ಗಂಟೆಯಲ್ಲಿ ಅಂಗಿ ಹಾಳು ಮಾಡಿದವನಿಗೆ ಸಾಲು, ಎಪ್ಪತ್ತು ದಿನ ಮೈ ಸವೆಸಿದವಳಿಗೆ ಅರ್ಪಣೆ. ಕಾಯಿ ತಾನಾಗಿ ಎಲೆ ಮರೆಗೆ ಹೋಗಿ ಕೂತ್ಕೊಳ್ಳಲ್ಲ ಮೇಡಂ. ಎಲೆ ಎಳೆದು ಮುಚ್ಚಿದ್ದು ನೀವು. ಮುಚ್ಚಿ, ಅದಕ್ಕೇ ಕೈ ಮುಗೀತಿದ್ದೀರಿ."

"ಏನೇ ಇದು, ಜನರ ಮುಂದೆ," ಅಂದ ಗಂಡ. ಮೇಡಂ, "ಅಕ್ಕ ಇವತ್ತು ಸ್ವಲ್ಪ ಭಾವುಕರಾಗಿದ್ದಾರೆ" ಅಂದಳು. ಮಾಸಲಕ್ಕನಿಗೆ ಮೈಯೆಲ್ಲ ಉರಿಯಿತು. ಭಾವುಕ! ಸಂಬಳ ಕೇಳಿದರೆ ಆಸೆಬುರುಕಿ, ಹಕ್ಕು ಕೇಳಿದರೆ ಭಾವುಕಿ. ಗಂಡನಿಗಾಗಿ ಕಾಯದೆ ಬಸ್ಸು ಹಿಡಿದು ಮನೆಗೆ ಬಂದಳು.

ಅದಾಗಿ ಹದಿನೈದು ದಿನಕ್ಕೆ ಮೇಡಂ ಫೋನು ಬಂತು. ಅಡುಗೆಮನೆಯಲ್ಲಿ ಯಜಮಾನಿಯೂ ಅಡುಗೆಯವಳೂ ಎದುರಾಗುವ ಮುಖ್ಯ ದೃಶ್ಯ ದೊಡ್ಡ ತೆರೆಯ ಮೇಲೆ ಮಸುಕಾಗಿ ಕಾಣುತ್ತಿದೆ, ಮತ್ತೆ ತೆಗೆಯಬೇಕು. ಆ ದೃಶ್ಯಕ್ಕೆ ಬೇಕಾದದ್ದು ಒಗೆಯುವ ಮೊದಲಿನ ನಿಲುವಂಗಿ. ಹೊಸ ನಿಲುವಂಗಿಯೊಂದನ್ನು ಡಿಸೈನರು ತಾನೇ ಮಾಸಿಸಲು ಹೋಗಿದ್ದ. ಚಹಾದಲ್ಲಿ ಅದ್ದಿ, ಕಲ್ಲಲ್ಲಿ ಉಜ್ಜಿ, ಚರಂಡಿಗೆ ಬಿದ್ದ ಗೋಣಿಚೀಲದ ಹಾಗೆ ಮಾಡಿಟ್ಟಿದ್ದ. ಇನ್ನೊಂದು ಹೊಸದನ್ನು ಹೊಲಿಸಿದ್ದರು. ಚಿತ್ರ ದೊಡ್ಡ ಚಿತ್ರೋತ್ಸವಕ್ಕೆ ಹೋಗಲು ಇನ್ನು ಮೂರು ತಿಂಗಳಿತ್ತು.

"ನೀವೇ ಬೇಕು ಅಕ್ಕಾ."

"ನನ್ನ ಗಂಡನ್ನ ಕೇಳಿ ಮೇಡಂ. ತೆರೆ ಮೇಲೆ ಅವರ ಹೆಸರಿದೆ."

"ಅಕ್ಕಾ, ಪ್ಲೀಸ್. ಸಾಲು ಹಾಕ್ತೀನಿ, ಮಾತು ಕೊಡ್ತೀನಿ."

"ಮಾತು ಆಗಲೇ ಒಂದು ಕೊಟ್ಟಿದ್ದೀರಿ, ಅದು ನನ್ನ ಹತ್ರ ಹಾಗೇ ಇದೆ. ತೆರೆ ಮೇಲೆ ಕಣ್ಣಾರೆ ನೋಡಿದ ಮೇಲೆ ಅಂಗಿ ಮುಟ್ತೀನಿ. ಎಪ್ಪತ್ತು ದಿನ ಬೇಕು. ನೀವು ಯೋಚನೆ ಮಾಡಿದಷ್ಟು ದಿನ ಅಂಗಿಗೆ ಕಮ್ಮಿ."

ಮೊದಲ ವಾರ ಡಿಸೈನರು ಅಡ್ಡ ಹಾಕಿದನಂತೆ. ಎಪ್ಪತ್ತು ದಿನ ಬಟ್ಟೆಯ ಜೊತೆ ತಾನು ಬದುಕಿದ್ದಾಗಿ ಪತ್ರಿಕೆಗೆ ಹೇಳಿದ್ದನಲ್ಲ. ಗಂಡ ಮನೆಯಲ್ಲಿ ದಿನಾ ಒಂದು ಬುದ್ಧಿವಾದ ಹೇಳಿದ. "ದೊಡ್ಡವರ ಜೊತೆ ಇಷ್ಟು ಜಿದ್ದು ಒಳ್ಳೇದಲ್ಲ. ಇರೋ ಕೆಲಸಾನೂ ಹೋಗುತ್ತೆ."

"ಹೋಗ್ಲಿ. ಹೋದ್ರೆ ಮನೇಲಿ ಸುಮ್ನೆ ಕೂತಿರ್ತೀನಿ ಅಂದ್ಕೊಂಡಿದ್ದೀರಾ? ಇಲ್ಲಿ ಮಾಡೋದು ಕೆಲಸ ಅಲ್ವಾ?"

ಒಂಬತ್ತನೆಯ ದಿನ ಅವಳನ್ನು ಸಂಕಲನದ ಕೋಣೆಗೆ ಕರೆಸಿದರು. ಕಿಟಕಿಯಿಲ್ಲದ ಇಕ್ಕಟ್ಟು ಕೋಣೆ. ಸಂಕಲನಕಾರ ಗುಂಡಿ ಒತ್ತಿದ. ವಸ್ತ್ರ ವಿನ್ಯಾಸದ ಹೆಸರು ಹೋದ ಕೂಡಲೇ, ಬೇರೆ ಯಾವುದೂ ಅಂಟಿಕೊಳ್ಳದೆ, ಒಂದು ಸಾಲು ಮೇಲೆ ಬಂತು: ಬಟ್ಟೆ ಮಾಸಿಸಿದವರು, ಮಾಸಲಕ್ಕ.

"ನಿಜವಾದ ಹೆಸರು ಹಾಕೋಣ ಅಂತ ಇದ್ದೆ," ಅಂದಳು ಮೇಡಂ ಮೆಲ್ಲಗೆ.

"ಇದೇ ಇರಲಿ. ಆ ಹೆಸರು ಅಪ್ಪ ಇಟ್ಟದ್ದು. ಇದು ನಾನು ದುಡಿದದ್ದು. ಸಂಘದಲ್ಲಿ ಕಾರ್ಡು ಇದೇ ಹೆಸರಿಗೆ ಬೇಕು."

"ನಿಮ್ಮ ಯಜಮಾನರ ಸಾಲು ತೆಗೆದುಬಿಡ್ಲಾ?"

"ಅದು ನಿಮ್ಮಿಷ್ಟ. ನೀವು ಹಾಕಿದ್ದು."

ಮೇಡಂ ತಲೆ ತಗ್ಗಿಸಿ, ಸಂಕಲನಕಾರನಿಗೆ ಕೈಸನ್ನೆ ಮಾಡಿದಳು. ಆ ಸಾಲು ಹೋಯಿತು. ಆಮೇಲೆ ಮೇಡಂ ಹೊಸ ನಿಲುವಂಗಿಯನ್ನು ಎರಡೂ ಕೈಯಲ್ಲಿ ಚಾಚಿದಳು. ಮಾಸಲಕ್ಕ ತಕ್ಷಣ ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಮಾತು. ಈ ಸಲ ಮನೇಲಿ ತೊಡಲ್ಲ. ಗೋದಾಮಿನಲ್ಲಿ ಅಡುಗೆಮನೆ ಇನ್ನೂ ನಿಂತಿದೆಯಲ್ಲ, ಯೂನಿಟ್ಟಿನ ಪಾತ್ರೆ, ಬಟ್ಟೆ, ನೆಲ ಎಲ್ಲ ಅಲ್ಲಿಗೆ ಬರ್ಲಿ. ಬೆಳಿಗ್ಗೆ ಎಂಟರಿಂದ ಸಂಜೆ ಆರು. ನನ್ನ ದಿನಗೂಲಿ ದರದಲ್ಲಿ. ಹೋದ ಸಲ ನಮ್ಮನೆ ಚಾಕರಿಯನ್ನ ಸಿನಿಮಾಗೆ ಬಿಟ್ಟಿ ಕೊಟ್ಟುಬಿಟ್ಟೆ. ಮನೆಯವರೂ ದುಡ್ಡು ಕೊಡಲಿಲ್ಲ, ನೀವೂ ಕೊಡಲಿಲ್ಲ. ಒಂದೇ ಮೈ, ಎರಡು ಕಡೆ ಪುಕ್ಕಟೆ."

ಮೇಡಂ ಏನೋ ಹೇಳಲು ಹೋಗಿ, ಸಭೆಗಳಲ್ಲಿ ತಾನೇ ಎಷ್ಟೋ ಸಲ ಆಡಿದ ಮಾತಿದು ಅನ್ನುವುದು ನೆನಪಾಯಿತೋ ಏನೋ, ನಿಲುವಂಗಿಯನ್ನು ಅವಳ ಕೈಗಿಟ್ಟಳು. "ಸರಿ," ಅಂದಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಮಾಸಲಕ್ಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಒಂದು ಸಾಲು ತೆರೆಯ ಮೇಲೆ ಇದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತಲ್ಲ, ಅದಕ್ಕೂ ಒಬ್ಬರ ದೃಶ್ಯ ಮಸುಕಾಗಬೇಕಾಯಿತಲ್ಲ ಎಂದು ಲೆಕ್ಕ ಹಾಕುತ್ತ ಕೂತಳು. ಆ ದೃಶ್ಯ ಮಸುಕಾಗದಿದ್ದಿದ್ದರೆ? ಅದನ್ನು ಯೋಚಿಸಿದಷ್ಟೂ ಸಿಟ್ಟು ಹೆಚ್ಚಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಚೀಲದಲ್ಲಿ ಹೊಸ ನಿಲುವಂಗಿ ಇಟ್ಟುಕೊಂಡು ಹೊರಟಳು. ಗಂಡ ಬಾಗಿಲಿಗೆ ಬಂದ.

"ಇಡೀ ದಿನ ಅಲ್ಲೇನಾ? ಇಲ್ಲಿ?"

"ಇಲ್ಲಿ ನೀವಿದ್ದೀರಲ್ಲ."

"ನನಗೇನು ಬರುತ್ತೆ?"

"ಬಕೆಟ್ಟು, ನೀರು, ಸೋಪು. ನೀವೇ ಹೇಳಿದ್ದು. ಹನ್ನೆರಡೂವರೆಗೆ ಅತ್ತೆಗೆ ಊಟ, ಊಟ ಆದ ಮೇಲೆ ಬಿಳಿ ಮಾತ್ರೆ. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ಬೇಕು, ಇಲ್ದಿದ್ರೆ ಬೆನ್ನು ಹುಣ್ಣಾಗುತ್ತೆ. ಎತ್ತುವಾಗ ಮಂಡಿ ಬಗ್ಗಿಸಿ ಎತ್ತಿ, ಸೊಂಟ ಉಳುಕಿಸ್ಕೋಬೇಡಿ."

"ಸಾಲು ಬಂತಲ್ಲ ಮಾರಾಯ್ತಿ, ಇನ್ನೂ ಏನು ಸಿಟ್ಟು?"

"ಸಾಲು ಸಿನಿಮಾದವರ ಬಾಕಿ. ಅದು ತೀರ್ತು."

ಒಳಗಿನಿಂದ ಅತ್ತೆ ಕೂಗಿದರು. ಎಂದಿನಂತೆ ಇವಳನ್ನೇ. ಗಂಡ ತಿರುಗಿ ಒಳಗೆ ನೋಡಿದ, ಮತ್ತೆ ಇವಳ ಮುಖ ನೋಡಿದ, ಕದಲದೆ ನಿಂತ. ಮಾಸಲಕ್ಕ ಚಪ್ಪಲಿಯ ಪಟ್ಟಿ ಬಿಗಿದುಕೊಂಡು, "ನಿಮ್ಮಮ್ಮ ಕರೀತಿದ್ದಾರೆ," ಅಂದು ಮೆಟ್ಟಿಲಿಳಿದಳು.